ಸೀಳಿದ ಟಾಕು

ನನಗೆ ಕಾಯುವುದು ಬರುವುದಿಲ್ಲ. ಹುಲ್ಲಿನಲ್ಲಿ ಅಡಿ ಹಾಕಿದ ಮಾವಿನಕಾಯಿಯನ್ನು ದಿನಕ್ಕೆ ನಾಲ್ಕು ಸಲ ಹಿಸುಕಿ, ಹಣ್ಣಾಗುವ ಮೊದಲೇ ಕೊಳೆಸುವ ಜಾತಿ ನನ್ನದು. ಇದರ ಪೂರ್ಣ ಪರಿಚಯ ನನಗಾದದ್ದು ಒಂದು ಕಟ್ಟಿಗೆಯ ಟಾಕಿನಿಂದ. ಟಾಕೆಂದರೆ ಬಾಯಿಗೆ ಉಕ್ಕಿನ ಮುಳ್ಳು ಸಿಕ್ಕಿಸಿ, ಮಸಿಯಲ್ಲಿ ಅದ್ದಿ ಬರೆಯುವ ಲೇಖನಿ.

ಐವತ್ತರ ದಶಕದಲ್ಲಿ ನಾನು ನರೇಗಲ್ಲಿನಲ್ಲಿ ಮಾಸ್ತರನಾಗಿದ್ದೆ. ಹೊಳೆಮಣ್ಣೂರಿನಿಂದ ಬಂದ ಹೆಂಡತಿ ಗಂಗವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳ ತವರಿಗೆ ಕಾಗದ ಬರೆಯುವವನು ನಾನೇ. ಅವಳು ಇಪ್ಪತ್ತು ಮಾತು ಹೇಳಿದರೆ ನಾನು 'ಎಲ್ಲರೂ ಕ್ಷೇಮ' ಎಂದು ಎರಡು ಬರೆದು ಮುಗಿಸುತ್ತಿದ್ದೆ.

"ನೀವು ಬರದ್ರ ನನ್ನ ಮಾತು ನಿಮ್ಮವಾಗ್ತಾವ್ರಿ," ಎಂದಳು ಒಂದು ದಿನ. "ನಮ್ಮವ್ವಗ ನಾನ ಬರೀತೀನಿ. ಕಲಸ್ರಿ."

ಕಲಿಸಿದೆ. ಪಾಟಿ ಮುಗಿದು ಕಾಗದದ ಸರದಿ ಬಂದಾಗ ಅವಳಿಗೆಂದೇ ಒಂದು ಟಾಕು ಮಾಡಿಸಲು ಗಜೇಂದ್ರಗಡಕ್ಕೆ ಹೋದೆ. ಅಲ್ಲಿ ತೊಟ್ಟಿಲ ಕಾಲು, ಲಟ್ಟಣಿಗೆ ಕಡೆಯುವ ಮೌಲಾಸಾಬ ಇದ್ದ.

"ಹುಣಸಿ ಕಟಗಿ ಇನ್ನೂ ಹಸಿ ಐತ್ರಿ, ಮಾಸ್ತರ. ನೆರಳಾಗ ಒಣಗಲಿ. ದೀಪಾವಳಿ ಮುಂದ ಬರ್ರಿ."

"ಟಾಕು ಏನು ಮನಿ ಮಾಳಿಗಿ ಹೊರೂದೈತೇನು? ಕಡದ ಬಿಡೋ," ಎಂದೆ.

ಕಡೆದುಕೊಟ್ಟ. ಬಂದವರಿಗೆಲ್ಲ ಕಾಣಲೆಂದು ನಾನು ಅದನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟೆ. ತಿಂಗಳೊಳಗೆ ಗಂಗವ್ವ ತಾಯಿಗೆ ಮೊದಲ ಕಾಗದ ಬರೆಯಲು ಕುಳಿತಳು. ಮೂರನೆಯ ಸಾಲಿನಲ್ಲಿ ಚಟ್ಟೆಂದಿತು. ಟಾಕಿನ ಬಾಯಿ ಸೀಳಿ, ಮುಳ್ಳು ಜಾರಿ, ಕಾಗದದ ತುಂಬ ಮಸಿ.

ಅವಳು ಅಳಲಿಲ್ಲ. ಪಾಟಿಯನ್ನು ತೊಳೆದು ಮೇಲಿಟ್ಟಳು. "ನನ್ನ ಹಣ್ಯಾಗ ಅಕ್ಷರ ಇಲ್ಲ, ಬಿಡ್ರಿ."

ಜಾಲಿಯ ಅಂಟು ತಂದು ನಾನೇ ರಿಪೇರಿಗೆ ಇಳಿದೆ. ಟಾಕಿಗೆ ನನ್ನ ಬೆರಳು ಅಂಟಿತು. ಸೀಳು ಮಾತ್ರ ಅಂಟಲಿಲ್ಲ. ಕೊನೆಗೆ ಅವಳನ್ನೂ ಒಪ್ಪಿಸಿ ಗಜೇಂದ್ರಗಡದ ಮೋಟಾರು ಹತ್ತಿದೆ.

ಮೌಲಾಸಾಬ ಟಾಕನ್ನು ತಿರುವಿ ನೋಡಿದ. "ತಪ್ಪು ನಂದರಿ, ತಂಗಿ. ಹಸಿ ಕಟಗಿ ಕಡೀಬಾರದಿತ್ತು. ಬ್ಯಾರೇದು ಕೊಡ್ತೀನಿ."

"ಅವನದಲ್ಲ, ನಂದು," ಎಂದೆ. "ಅವಸರ ಮಾಡಿದಾಂವ ನಾನು. ಬಿಸಲಾಗ ಇಟ್ಟಾಂವನೂ ನಾನು."

ಗಂಗವ್ವ ನನ್ನನ್ನೇ ನೋಡಿದಳು. ಮಾಸ್ತರರ ಬಾಯಿಂದ ಅಂಥ ಮಾತು ಅವಳು ಕೇಳಿರಲಿಲ್ಲ. ಆಮೇಲೆ, "ಇದನ್ನ ಚಲೋ ಮಾಡಿಕೊಡು, ಅಣ್ಣಾ. ಇದ ನನ್ನ ಕೈಗೆ ಹೊಂದೇತಿ," ಎಂದಳು.

ಅವನು ಸೀಳಿನೊಳಗಿನ ಮಸಿ ಕೆರೆದು ತೆಗೆದ. ಬಡಿಗರ ಬಿಸಿ ಅಂಟಿಗೆ ಅದೇ ಹುಣಸೆಯ ಹುಡಿ ಕಲೆಸಿ ತುಂಬಿ, ದಾರ ಸುತ್ತಿ ಬಿಗಿದ. ಎಂಟು ದಿನ ಬಿಟ್ಟು ಹೋದಾಗ ದಾರ ಬಿಚ್ಚಿ, ಉಜ್ಜಿ, ಬಾಯಿಗೊಂದು ಹಿತ್ತಾಳೆ ಬಳೆ ಕೂರಿಸಿದ.

"ಕಟಗಿ ತುದಿಯಿಂದ ಒಣಗತೈತ್ರಿ. ತುದಿ ಲಗೂ ಒಣಗಿ, ನಡುವ ಹಸಿ ಉಳದ್ರ ಸೀಳತೈತಿ. ಎರಡೂ ತುದಿಗೆ ಮೇಣ ಹಚ್ಚೀನಿ. ಆಗಾಗ ಕುಸುಬಿ ಎಣ್ಣಿ ಒರಸ್ರಿ, ಬಿಸಲಾಗ ಇಡಬ್ಯಾಡ್ರಿ."

ಮರುದಿನ ಗಂಗವ್ವ ಪಡಸಾಲೆಯಲ್ಲಿ ಕುಳಿತು ಕಾಗದದ ಎರಡೂ ಮಗ್ಗುಲು ಬರೆದಳು. ನಾನು ಇಣುಕಿದಾಗ ಸೆರಗು ಅಡ್ಡ ಹಿಡಿದಳು. ಲಕೋಟೆಗೆ ಅಂಟು ಬಳಿದು, "ಪೋಸ್ಟಿಗೆ ಹಾಕಿ ಬರ್ರಿ" ಎಂದು ಕೈಗಿಟ್ಟಳು.

ದಾರಿಯುದ್ದಕ್ಕೂ ಅದನ್ನು ಬಿಸಿಲಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. ಒಳಗೆ ನನ್ನ ಮೇಲೆ ಎಷ್ಟು ದೂರುಗಳಿದ್ದವೋ! ಇದ್ದರೂ ಕಾಗುಣಿತ ನಾನು ಕಲಿಸಿದ್ದೇ ತಾನೆ. ಹೆಂಡತಿಗೆ ಅಕ್ಷರ ಕಲಿಸಿದ ಗಂಡನಿಗೆ ಸಿಗುವ ಮೊದಲ ಬಹುಮಾನ ಬಾಯಿ ಅಂಟಿಸಿದ ಲಕೋಟೆ. ಎದೆಯುಬ್ಬಿಸಿಕೊಂಡೇ ಡಬ್ಬಿಗೆ ಹಾಕಿದೆ.