ರೊಟ್ಟಿ ಯಾರು ಬಡೀತಾರ

ನಮ್ಮವ್ವಗ ಮನಸ್ಸಿನ ಬ್ಯಾನಿ. ತಿಂಗಳಿಗೊಮ್ಮೆ ಕಮಲಾಪುರದಿಂದ ಕಲಬುರಗಿ ದವಾಖಾನಿಗೆ ನಾನೇ ಕರಕೊಂಡು ಹೋಗ್ತೀನಿ. ಒಂದು ಸಲ ಅವ್ವ ಡಾಕ್ಟರ್ ಹತ್ರ ಇದ್ದಾಗ ಅಲ್ಲಿ ಪೇಷಂಟ್ ಮನಿಯವರ ಕೂಡ ಮಾತಾಡೋ ಮೇಡಂ ಒಬ್ಬರು ನನ್ನನ್ನ ಬ್ಯಾರೆ ಖೋಲಿಗೆ ಕರೆದರು. ನನಗ ಡೌಟ್ ಬಂತು. ಹಿಂಗ ಕರೆದು ಮನಿ ಸುದ್ದಿ ಕೇಳಿ, ಆಮ್ಯಾಲೆ ಸಣ್ಣ ಮಕ್ಕಳನ್ನ ಹಾಸ್ಟೆಲಿಗೆ ಒಯ್ತಾರಂತ ಓಣ್ಯಾಗ ಮಂದಿ ಅಂತಿದ್ದರು. ನನಗ ಒಬ್ಬಳೇ ತಂಗಿ.

"ಮನ್ಯಾಗ ರೊಟ್ಟಿ ಯಾರು ಬಡೀತಾರಪಾ?"

"ಅವ್ವನೇರೀ. ದಿನಾ ಇಪ್ಪತ್ತು."

"ತಂಗಿಗೆ ಜಡಿ?"

"ಅದೂ ಅವ್ವನೇರೀ. ಜಡಿ ನೋಡಾಕ ಮಂದಿ ಬರ್ತಾರ."

ಮೇಡಂ ನಗಲಿಲ್ಲ. ಕೈ ತೋರಿಸು ಅಂದರು. ಉಗುರಿನ ಸಂದ್ಯಾಗ ಜ್ವಾಳದ ಹಿಟ್ಟು ಒಣಗಿತ್ತು, ಎರಡು ಬೆರಳು ಹಂಚಿಗೆ ಸುಟ್ಟಿದ್ದವು.

"ನಿನ್ನಂಥ ಹುಡುಗರೆಲ್ಲಾ ಇದಕ್ಕೇ ಅಂಜ್ತಾರ. ತಂಗಿನ್ನ ಯಾರೂ ಒಯ್ಯಂಗಿಲ್ಲ. ನಿನಗ ಆಸರ ಆಗೋರು ಯಾರರ ಅದಾರೇನು, ಅದನ್ನ ಕೇಳಾಕತ್ತೀನಿ."

ತಾಜಸುಲ್ತಾನಪುರದ ಚಿಕ್ಕಮ್ಮನ ನಂಬರ್ ಹೇಳಿದೆ, ಒಂದು ಅಂಕಿ ಬದಲಿಸಿ. ಮೇಡಂ ಅಲ್ಲೇ ಫೋನ್ ಹಚ್ಚಿದರು. ಯಾರೋ ಗಂಡಸು ಎತ್ತಿದ. ಮೇಡಂ ಫೋನ್ ಇಟ್ಟು ಮತ್ತ ಪೆನ್ನು ಹಿಡಿದರು. ಖರೆ ನಂಬರ್ ಹೇಳಿದೆ.

ಈಗ ಚಿಕ್ಕಮ್ಮ ವಾರದಾಗ ಮೂರು ದಿನ ಬರ್ತಾಳ. ನಮ್ಮಂಥ ಮನಿಯವರನ್ನೆಲ್ಲಾ ಮೇಡಂ ದವಾಖಾನ್ಯಾಗ ಕೂಡಿಸಿ ಮಾತಾಡಿಸ್ತಾರ, ಅದಕ್ಕೂ ಹೋಗ್ತೀನಿ. ಆದರ ಬಾಗಿಲ ಹತ್ರನೇ ಕುಂದರ್ತೀನಿ. ಇಷ್ಟು ಚೊಲೊ ಇರೋರ ಮ್ಯಾಲೆ ಒಂದು ಕಣ್ಣು ಇಟ್ಟಿರಬೇಕಲ್ರೀ.