ಅಮೆರಿಕದ ಸಿಪಾಯಿಗೊಂದು ಚೀಟಿ

ಇಂಗ್ಲೆಂಡಿನ ಕೆಂಟನ್‌ಗೆ ಬಂದ ಮೂರನೆಯ ವರ್ಷ. ಮಕ್ಕಳನ್ನು ಶಾಲೆಗೆ ಬಿಟ್ಟು, ಪಾತ್ರೆ ಬಟ್ಟೆ ಮುಗಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಆದರೂ ಹನ್ನೊಂದಕ್ಕೆ ಪಕ್ಕದ ಮನೆಯ ಅಜ್ಜಿಗೆ ಓದಿ ಹೇಳಲು ಹೋಗುತ್ತಿದ್ದೆ. ಅಲ್ಲಿ ಒಂದು ಗಂಟೆ ಕೂತಿರಬಹುದಲ್ಲ, ಅದೇ ದೇವರ ದಯೆ.

ಅಜ್ಜಿ ಅಮೆರಿಕದಲ್ಲಿ ಹುಟ್ಟಿದವರು. ಅವರ ತಾತ ಹತ್ತೊಂಬತ್ತನೆಯ ಶತಮಾನದಲ್ಲಿ, ಅಲ್ಲಿನ ಅಂತರ್ಯುದ್ಧದಲ್ಲಿ ಹೋರಾಡಿ ಕುಂಟುತ್ತ ಊರಿಗೆ ಮರಳಿ, ಆಮೇಲೆ ತಮ್ಮ ರಾಜ್ಯದ ಶಾಸನಸಭೆಗೆ ಆರಿಸಿಬಂದವರು. ಅವರ ಪತ್ರ, ಭಾಷಣಗಳು ಒಂದು ಟ್ರಂಕಿನ ತುಂಬ ಇದ್ದವು. ಅಜ್ಜಿಗೆ ಕಣ್ಣು ಮಂಜಾಗಿತ್ತು. ಕ್ರಿಸ್ಮಸ್ಸಿಗೆ ಮೊದಲು ಅವರು ವೃದ್ಧಾಶ್ರಮ ಸೇರುವವರಿದ್ದರು, ಟ್ರಂಕು ಅಮೆರಿಕದ ನೆಂಟರಿಗೆ ಹೋಗುವುದಿತ್ತು. ಅಷ್ಟರೊಳಗೆ ಎಲ್ಲವನ್ನೂ ಒಮ್ಮೆ ಕೇಳಿಬಿಡಬೇಕು ಎಂಬುದೊಂದೇ ಅವರ ಆಸೆ.

ಕೆಸರಲ್ಲಿ ಮಲಗಿದ್ದು, ಜ್ವರ ಬಂದದ್ದು, ಸತ್ತ ಗೆಳೆಯನ ಬೂಟು ತೊಟ್ಟದ್ದು. ಓದುತ್ತ ಓದುತ್ತ ನನಗೆ ಆ ಮನುಷ್ಯನ ಮೇಲೆ ಕನಿಕರ ಹುಟ್ಟಿತು. ನವೆಂಬರ್ ನಮ್ಮ ಕ್ಯಾಥೊಲಿಕರಲ್ಲಿ ಸತ್ತವರ ತಿಂಗಳು. ಅವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಇಗರ್ಜಿಯ ಪೆಟ್ಟಿಗೆಗೆ ಹಾಕುತ್ತೇವೆ. ತಿಂಗಳಿಡೀ ಪಾದ್ರಿಗಳ ಬಲಿಪೂಜೆಯಲ್ಲಿ ಅವರಿಗಾಗಿ ಪ್ರಾರ್ಥನೆ. ಅಪ್ಪ, ಅತ್ತೆಯವರ ಕೆಳಗೆ ಆ ತಾತನ ಹೆಸರನ್ನೂ ಬರೆದೆ.

"ಈ ಸಿಪಾಯಿ ನಿಂಗೆ ಯಾವ ಕಡೆಯಿಂದ ಸಂಬಂಧ ಮಾರಾಯ್ತಿ?" ಗಂಡ ನಕ್ಕರು.

"ನಿಮ್ಮ ಕಡೆಯವರ ಹಾಗೆ ಜಗಳಗಂಟ ಅಲ್ಲ ಅವರು, ಪಾಪ."

ಮರುವಾರ ಶಾಸನಸಭೆಯ ಭಾಷಣವೊಂದು ಕೈಗೆ ಬಂತು. ಕ್ಯಾಥೊಲಿಕರ ಶಾಲೆಗಳಿಗೆ ಸರ್ಕಾರದ ನೆರವು ಕೂಡದು, ಪೋಪರಿಗೆ ಮಂಡಿಯೂರುವವರು ದೇಶಕ್ಕೆ ನಿಷ್ಠರಲ್ಲ ಎಂದು ಅದರಲ್ಲಿತ್ತು. ಆ ಸಾಲುಗಳನ್ನು ಹಾರಿಸಬಹುದಿತ್ತು, ಅಜ್ಜಿಗೆ ಗೊತ್ತಾಗುತ್ತಿರಲಿಲ್ಲ. ಎಲ್ಲವನ್ನೂ ಕೇಳಬೇಕು ಎಂದವರಿಗೆ ಮೋಸ ಮಾಡಲು ಮನಸ್ಸು ಬರಲಿಲ್ಲ. ಓದಿ ಮುಗಿಸಿ, ಚೀಟಿಯ ವಿಷಯವನ್ನೂ ಹೇಳಿಬಿಟ್ಟೆ.

ಅಜ್ಜಿಯ ಮುಖ ಕೆಂಪಾಯಿತು. "ನನ್ನನ್ನು ಕೇಳದೆ ಯಾಕೆ ಹಾಕಿದೆ? ತಾತನಿಗೆ ಅದು ಅವಮಾನ. ತೆಗೆದುಬಿಡು."

"ಪೆಟ್ಟಿಗೆ ಪೀಠದ ಮೇಲೆ ಇಟ್ಟಾಗಿದೆ. ತಿಂಗಳು ಮುಗಿಯುವವರೆಗೆ ಯಾರೂ ಮುಟ್ಟುವುದಿಲ್ಲ."

ಅಜ್ಜಿ ಟ್ರಂಕಿನ ಮುಚ್ಚಳ ಸವರಿದರು. ಆಮೇಲೆ, "ಹಾಗಾದರೆ ಅಲ್ಲಿಯವರೆಗೆ ತಾತ ನಿಮ್ಮವರ ಜೊತೆ ಬಾಯಿ ಮುಚ್ಚಿಕೊಂಡು ಕೂತಿರಲಿ. ಸದನದಲ್ಲಂತೂ ಸುಮ್ಮನೆ ಕೂತವರಲ್ಲ" ಎಂದರು.

ನನಗೆ ನಗು ಬರಲಿಲ್ಲ. ನಾನೂ ನೊಂದಿದ್ದೆ, ದಣಿದಿದ್ದೆ. ಕೋಟು ತೆಗೆದುಕೊಂಡು ಎದ್ದೆ.

"ನಾಳೆ ಬರುತ್ತೀಯಲ್ಲ?" ಅಜ್ಜಿಯ ದನಿ ಸಣ್ಣಗಾಗಿತ್ತು. ಟ್ರಂಕಿನಲ್ಲಿ ಇನ್ನೂ ಅರ್ಧ ಉಳಿದಿತ್ತು.

ಕೋಟನ್ನು ಕುರ್ಚಿಗೆ ಹಾಕಿ, ಮುಂದಿನ ಪತ್ರ ಬಿಚ್ಚಿದೆ. ಊರಿನ ಮುರಿದ ಸೇತುವೆಯ ರಿಪೇರಿಗೆ ಸದನದಲ್ಲಿ ಗೋಗರೆದು ಗೋಗರೆದು ಸಾಕಾಗಿದೆ ಎಂದು ಬರೆದಿದ್ದರು. ಅದರಲ್ಲಿ ಪೋಪರ ಸುದ್ದಿ ಇರಲಿಲ್ಲ. ಆ ದಿನಕ್ಕೆ ಅಷ್ಟು ಸಾಕಿತ್ತು.