ಗಂಗವ್ವನ ಬಾವು ಇಳೀತು, ನಂದು ಇಳೀಲಿಲ್ಲ

ಬರ್ರಿ, ಕಾಲು ಚಾಚಿ ಆರಾಮ ಕುಂದರ್ರಿ, ನನ್ನ ಹೊಟ್ಟೆಕಿಚ್ಚಿನ ಕತಿ ಹೇಳ್ತೀನಿ.

ಮುಂಬೈ ಹತ್ರದ ಭಿವಂಡಿಯ ಗೋದಾಮಿನಾಗ ನಾನೂ ಗಂಗವ್ವನೂ ಬಟ್ಟೆ ಗಂಟು ಹೊರ್ತಿದ್ದಿವಿ. ಒಂದಿನ ಹಲಗಿ ಜಾರಿ ಇಬ್ಬರೂ ಬಿದ್ದಿವಿ. ಇಬ್ಬರ ಮೀನಖಂಡದ ಸ್ನಾಯೂ ಹರೀತು. ಕೂಲಿಯವರ ಮ್ಯಾಲಿನ ಮುಕಾದಮ ಅಂದ, "ಯಾರು ಮೊದಲು ವಾಪಸ್ ಬರ್ತೀರಿ, ಅವರಿಗೆ ಕುರ್ಚಿ ಮ್ಯಾಲೆ ಕುಂತು ಗಂಟಿಗೆ ಚೀಟಿ ಹಚ್ಚೋ ಕೆಲಸ."

ಗಂಗವ್ವನ ಅಳಿಯ ಯಾರನ್ನೂ ಕೇಳದೆ ಮೆಡಿಕಲ್‌ನಿಂದ ಬಾವು ಇಳಿಸೋ ಗುಳಿಗಿ ತಂದು ದಿನಾ ನುಂಗಿಸಿದ. ಅಕಿ ಕಾಲು ಸಣ್ಣಾತು. ನಂದು ಕುಂಬಳಕಾಯಿ ಆಗಿ ಕುಂತಿತ್ತು. ಅದನ್ನ ನೋಡಿ ನನಗ ಊಟಾನೇ ಸೇರಲಿಲ್ಲ.

ಉಡುಪಿ ಕಡೆಯ ಡಾಕ್ಟರಮ್ಮನ ಹತ್ರ ಹೋಗಿ, "ಅಕಿ ಗುಳಿಗೀನೇ ನನಗೂ ಕೊಡ್ರಿ" ಅಂದೆ.

"ಅಷ್ಟೆಲ್ಲ ಬೇಡ ಅಮ್ಮ. ಬಾವು ಅಂದ್ರೆ ಪೆಟ್ಟಾದ ಸ್ನಾಯು ಸಹಾಯಕ್ಕೆ ಕರೆದದ್ದು. ರಕ್ತದ ಕಣಗಳು ಬಂದು ಹರಿದದ್ದನ್ನು ಗುಡಿಸ್ತಾವೆ, ಆಮೇಲೆ ಹೊಸ ಸ್ನಾಯು ಕಟ್ಟುವ ಕಣಗಳನ್ನು ಎಬ್ಬಿಸ್ತಾವೆ. ಆ ಕೂಗನ್ನೇ ಅಡಗಿಸಿದ್ರೆ ಕಟ್ಟುವ ಕೆಲಸ ತಡ ಆಗಬಹುದು."

"ಹಂಗಾದ್ರ ಗಂಗವ್ವಂದು ತಡಾ ಆಗ್ತದೇನ್ರಿ?"

"ನಿಮ್ಮ ಕಾಲು ನೋಡಿಕೊಳ್ಳಿ ಮಾರಾಯ್ರೆ," ಅಂತ ನಕ್ಕರು.

ಗುಳಿಗಿ ಇಲ್ಲದೇ ನನ್ನ ಕಾಲು ಕೂಡಿ, ಕಡೀಕ ನಾನೇ ಮೊದಲು ಗೋದಾಮಿಗೆ ಹೋದೆ. ಮುಕಾದಮ ನನ್ನ ನಡಿಗಿ ನೋಡಿ, "ಗಟ್ಟಿ ಆಗೀಯಲ್ಲವ್ವ" ಅಂತ ಮತ್ತೆ ಗಂಟೇ ಹೊರಿಸಿದ. ಆಮ್ಯಾಲ ಕುಂಟಕೋತ ಬಂದ ಗಂಗವ್ವಗ ಆ ಕುರ್ಚಿ ಕೊಟ್ಟ.

ಡಾಕ್ಟರಮ್ಮ ಭಿವಂಡಿ ಬಿಟ್ಟು ನೆರೂಳಿಗೆ ಹೋದರು. ಮುಕಾದಮ ಊರು ಸೇರಿದ. ನನ್ನ ಕಾಲು ಇವತ್ತಿಗೂ ಗಟ್ಟಿ ಐತಿ. ಗಂಗವ್ವ ಮಾತ್ರ ಕೆಲಸ ಬಿಡೋತನಕ ಕುಂತೇ ಚೀಟಿ ಹಚ್ಚಿದಳು, ಅದೂ ಕುರ್ಚಿಗೆ ದಿಂಬು ಹಾಕಿಸಿಕೊಂಡು.